ಹಳೇ ಲ್ಯಾಪ್‌ಟಾಪಿನಲ್ಲೊಂದು ಪಪ್ಪಿ

2009ರಲ್ಲಿ ಕೊಂಡ ಲ್ಯಾಪ್‌ಟಾಪನ್ನು ಈಗ ಆನ್ ಮಾಡಿದರೆ ಪರದೆಗಿಂತ ಮೊದಲು ಕಣ್ಣಿಗೆ ಬೀಳುವುದು ಅದರ ಅಂಚಿನ ಪುಟ್ಟ ದೀಪ. ಹಾರ್ಡ್‌ಡಿಸ್ಕ್ ಕೆಲಸ ಮಾಡುವಾಗ ಮಾತ್ರ ಮಿನುಗಬೇಕಾದ ದೀಪ ಅದು; ಆರುವುದೇ ಇಲ್ಲ. ಒಂದು ಫೈಲ್ ಮೇಲೆ ಕ್ಲಿಕ್ ಮಾಡಿ, ಅಡುಗೆಮನೆಗೆ ಹೋಗಿ ಕಾಫಿ ಬೆರೆಸಿಕೊಂಡು ಬರುವಷ್ಟು ಪುರಸೊತ್ತು ಸಿಗುತ್ತದೆ. ಪ್ರೊಸೆಸರಿಗೆ ವಯಸ್ಸಾಯಿತು ಎಂದು ಷರಾ ಬರೆದು ನಾವು ಅದನ್ನು ಅಟ್ಟಕ್ಕೇರಿಸುತ್ತೇವೆ. ಆದರೆ ಸಿಲಿಕಾನ್ ಚಿಪ್ಪು ಹಾಗೆ ಮುಪ್ಪಿನಿಂದ ಮಂದವಾಗುವ ವಸ್ತುವಲ್ಲ. ಫ್ಯಾನಿನಲ್ಲಿ ದೂಳು ತುಂಬಿ ಬಿಸಿಯೇರಿದ್ದರೆ ಮಾತು ಬೇರೆ; ಇಲ್ಲದಿದ್ದರೆ 2009ರಲ್ಲಿ ಸೆಕೆಂಡಿಗೆ 200 ಕೋಟಿ ಸಲ ಮಿಡಿಯುತ್ತಿದ್ದ ಪ್ರೊಸೆಸರ್ ಇವತ್ತೂ ಅಷ್ಟೇ ಮಿಡಿಯುತ್ತದೆ. ಅದು ಸುಮ್ಮನೆ ಕಾಯುತ್ತ ಕೂತಿದೆ.

ಕಾಯುವುದು ಡಿಸ್ಕ್‌ಗಾಗಿ. ಆ ಕಾಲದ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಇದ್ದದ್ದು ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆ. ಅಂದರೆ ಸೆಕೆಂಡಿಗೆ 90 ಸುತ್ತು, ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ಓದುವ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ಹೆಡ್ಡನ್ನು ಹೊತ್ತ ತೋಳು ಸರಿಯಾದ ಪಥಕ್ಕೆ ಸರಿಯಬೇಕು. ಅದಕ್ಕೆ ಇನ್ನೊಂದು ಹತ್ತು ಮಿಲಿಸೆಕೆಂಡ್. ಎರಡೂ ಸೇರಿ ಸುಮಾರು 15 ಮಿಲಿಸೆಕೆಂಡ್. ನಮಗದು ರೆಪ್ಪೆ ಮಿಟುಕಿಸುವುದಕ್ಕೂ ಸಾಲದು, ಪ್ರೊಸೆಸರಿಗೆ ಮಾತ್ರ ಮೂರು ಕೋಟಿ ಮಿಡಿತ! ಡಿಸ್ಕಿನ ಅಲ್ಲಲ್ಲಿ ಚದುರಿಬಿದ್ದ 4 ಕೆಬಿಯ ಚೂರುಗಳನ್ನು ಹೀಗೆ ಹೆಕ್ಕುತ್ತ ಹೋದರೆ ಸೆಕೆಂಡಿಗೆ ಸಿಗುವುದು 66 ಚೂರು, ಅಂದರೆ 270 ಕೆಬಿಗೂ ಕಡಿಮೆ. ಅದೇ ಡಿಸ್ಕಿನಲ್ಲಿ ಒಂದು ದೊಡ್ಡ ಫೈಲು ಉದ್ದಕ್ಕೆ ಸಾಲಾಗಿ ಮಲಗಿದ್ದರೆ ಸೆಕೆಂಡಿಗೆ 60 ಎಂಬಿ ಸಲೀಸಾಗಿ ಓದಬಹುದು. ಡಿಸ್ಕ್ ಅದೇ, ಅಂತರ ಇನ್ನೂರು ಪಟ್ಟು.

ಮೆಮೊರಿ, ಅಂದರೆ ರ್‍ಯಾಮ್, ತುಂಬಿದಾಗ ಈ ಲೆಕ್ಕ ಇನ್ನೂ ಕೆಡುತ್ತದೆ. ಕಾರ್ಯಾಚರಣ ವ್ಯವಸ್ಥೆ ಸದ್ಯ ಬೇಡದ ಪುಟಗಳನ್ನು ರ್‍ಯಾಮ್‌ನಿಂದ ಎತ್ತಿ ಡಿಸ್ಕಿಗೆ ಹಾಕುತ್ತದೆ, ಮರುಗಳಿಗೆ ಅದೇ ಪುಟ ಬೇಕಾಗಿ ವಾಪಸ್ ತರುತ್ತದೆ, ಅದಕ್ಕೆ ಜಾಗ ಮಾಡಲು ಇನ್ನೊಂದನ್ನು ಎತ್ತುತ್ತದೆ. ಎತ್ತಿಹಾಕುವುದೇ ಕೆಲಸವಾಗಿ, ಮಾಡಬೇಕಾದ ಕೆಲಸ ನಿಂತುಹೋಗುತ್ತದೆ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಪೀಟರ್ ಡೆನ್ನಿಂಗ್ 1968ರಲ್ಲೇ ಈ ರೋಗವನ್ನು ‘ಥ್ರ್ಯಾಶಿಂಗ್’ ಎಂದು ಕರೆದು, ಕಾರಣ ಮತ್ತು ಮದ್ದು ಎರಡನ್ನೂ ಬರೆದಿಟ್ಟರು. ಒಂದು ಜಿಬಿ ರ್‍ಯಾಮ್‌ನ ಯಂತ್ರದಲ್ಲಿ ಇಂದಿನ ವಿಂಡೋಸ್ ಓಡಿಸಿದರೆ ಕಾಣುವುದು ಅದೇ ರೋಗ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಭದ್ರತಾ ಪರಿಷ್ಕರಣೆಗಳ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಎಂದರೆ ಅದಕ್ಕೆ 4 ಜಿಬಿ ರ್‍ಯಾಮ್ ಬೇಕು, 64 ಜಿಬಿ ಜಾಗ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಹಳೇ ಯಂತ್ರಗಳಿಗೆ ಆ ಬಾಗಿಲು ಮುಚ್ಚಿದಂತೆಯೇ. ತೆರೆದಿರುವ ಬಾಗಿಲು ಲಿನಕ್ಸ್‌ನದು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ತನ್ನ 386 ಕಂಪ್ಯೂಟರಿನಲ್ಲಿ ಬರೆಯತೊಡಗಿದ ಲಿನಕ್ಸ್ ಕರ್ನೆಲ್, ಅಂದರೆ ವ್ಯವಸ್ಥೆಯ ತಿರುಳು, ಇಂದೂ ಹೆಚ್ಚು ಜಾಗ ಕೇಳುವುದಿಲ್ಲ; ಜಾಗ ನುಂಗುವುದು ಅದರ ಮೇಲೆ ಪೇರಿಸುವ ಬಣ್ಣಬಣ್ಣದ ಡೆಸ್ಕ್‌ಟಾಪು, ಹಿನ್ನೆಲೆಯಲ್ಲಿ ಓಡುವ ಹತ್ತಾರು ಸೇವೆಗಳು. ಅವನ್ನು ಇಳಿಸಿ ಹಗುರ ಮಾಡಿದ ಲಿನಕ್ಸ್‌ಗಳು ಹಲವಿವೆ: ಲುಬುಂಟು, ಆಂಟಿಎಕ್ಸ್, ಟೈನಿ ಕೋರ್. ಇಲ್ಲಿ ನಾನು ಆರಿಸಿಕೊಂಡಿರುವುದು ಪಪ್ಪಿ ಲಿನಕ್ಸನ್ನು. ಉಳಿದವುಗಳಲ್ಲಿ ಹೆಚ್ಚಿನವು ಬಟ್ಟೆ ಕಡಿಮೆ ಮಾಡಿಕೊಂಡು ಓಡುತ್ತವೆ. ಪಪ್ಪಿ ಓಡುವ ದಾರಿಯನ್ನೇ ಬದಲಿಸಿತು.

ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಇದನ್ನು ಬಿಡುಗಡೆ ಮಾಡಿದರು. ಹೆಸರು ಅವರ ಪುಟ್ಟ ನಾಯಿಯದು. ಮೊದಲ ಆವೃತ್ತಿಗಳು 100 ಎಂಬಿಯ ಒಳಗೇ ಮುಗಿಯುತ್ತಿದ್ದವು. 2013ರಲ್ಲಿ ಅವರು ಹಿಂದೆ ಸರಿದ ಮೇಲೆ ಬಳಕೆದಾರರ ಬಳಗವೇ ಅದನ್ನು ಸಾಕುತ್ತಿದೆ. ಹಾಗಾಗಿ ಈಗ ಪಪ್ಪಿ ಅಂದರೆ ಒಂದಲ್ಲ, ಒಂದು ವಂಶ. 2020ರ ಫಾಸಾಪಪ್ ಉಬುಂಟು ಎಂಬ ದೊಡ್ಡ ಲಿನಕ್ಸ್‌ನ ಸಾಮಗ್ರಿಯಿಂದ ಕಟ್ಟಿದ್ದು, ಗಾತ್ರ 400 ಎಂಬಿಯ ಆಸುಪಾಸು. ಬುಕ್‌ವರ್ಮ್‌ಪಪ್ ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನಿಂದ ಬಂದದ್ದು.

ಪಪ್ಪಿಯ ಗುಟ್ಟು ಇಷ್ಟು. ಇಡೀ ವ್ಯವಸ್ಥೆಯ ಸಾವಿರಾರು ಫೈಲುಗಳನ್ನು ಒತ್ತಿ ಕುಗ್ಗಿಸಿ ಸ್ಕ್ವಾಶ್‌ಎಫ್‌ಎಸ್ ಎಂಬ ಮಾದರಿಯ ಒಂದೇ ಫೈಲ್ ಮಾಡಿರುತ್ತಾರೆ. ಯಂತ್ರ ಶುರುವಾದಾಗ ಆ ಒಂದು ಫೈಲು ಡಿಸ್ಕಿನಿಂದ ಸಾಲಾಗಿ ಬಂದು ರ್‍ಯಾಮ್‌ನಲ್ಲಿ ಕೂರುತ್ತದೆ. ಸೆಕೆಂಡಿಗೆ 60 ಎಂಬಿಯ ಲೆಕ್ಕದಲ್ಲಿ ಏಳು ಸೆಕೆಂಡಿನ ಕೆಲಸ. ಆಮೇಲೆ ಡಿಸ್ಕಿಗೆ ಹೋಗುವ ಅಗತ್ಯವೇ ಹೆಚ್ಚುಕಡಿಮೆ ಇಲ್ಲ. ರ್‍ಯಾಮ್ ಉತ್ತರ ಕೊಡುವುದು ಸುಮಾರು ನೂರು ನ್ಯಾನೊಸೆಕೆಂಡಿನಲ್ಲಿ. ಡಿಸ್ಕಿಗಿಂತ ಲಕ್ಷಪಟ್ಟು ಬೇಗ. ಕುಗ್ಗಿಸಿದ್ದನ್ನು ಬಿಚ್ಚುವ ಶ್ರಮ ಪ್ರೊಸೆಸರಿನದು, ಅದು ಹೇಗೂ ಕೈಕಟ್ಟಿ ಕೂತಿತ್ತು. ದೀಪ ಆರಿಹೋಗುತ್ತದೆ. ಪದಸಂಸ್ಕಾರಕ ತಟ್ಟನೆ ತೆರೆದುಕೊಳ್ಳುತ್ತದೆ. ಪೆನ್‌ಡ್ರೈವ್‌ನಿಂದ ಶುರು ಮಾಡಿದ್ದರೆ ಅದನ್ನು ಕಿತ್ತು ಜೇಬಿಗಿಟ್ಟುಕೊಂಡರೂ ಪಪ್ಪಿ ಓಡುತ್ತಲೇ ಇರುತ್ತದೆ. ಒಂದು ಷರತ್ತಿದೆ: ಇಡೀ ಫೈಲ್ ಹಿಡಿಸುವಷ್ಟು ರ್‍ಯಾಮ್ ಇರಬೇಕು. 512 ಎಂಬಿಯ ಯಂತ್ರದಲ್ಲಿ 400 ಎಂಬಿಯ ಫೈಲು ತುಂಬಿದರೆ ಉಸಿರಾಡಲು ಜಾಗ ಉಳಿಯುವುದಿಲ್ಲ. ಆಗ ಪಪ್ಪಿ ಫೈಲನ್ನು ಡಿಸ್ಕಿನಲ್ಲೇ ಬಿಟ್ಟು ಬೇಕಾದಷ್ಟನ್ನೇ ಓದಿಕೊಳ್ಳುತ್ತದೆ, ವೇಗ ಇಳಿಯುತ್ತದೆ.

ಆ ಕುಗ್ಗಿಸಿದ ಫೈಲಿನೊಳಗೆ ಏನನ್ನೂ ಬದಲಿಸಲಾಗದು. ಅದು ಓದಲಿಕ್ಕೆ ಮಾತ್ರ. ಹಾಗಾದರೆ ನಾವು ಹಾಕಿದ ಹೊಸ ತಂತ್ರಾಂಶ, ಬದಲಿಸಿದ ಸೆಟ್ಟಿಂಗ್ ಎಲ್ಲಿ ಹೋಗುತ್ತವೆ? ಅಚ್ಚಾದ ನಕ್ಷೆಯ ಮೇಲೆ ಬಟರ್ ಪೇಪರ್ ಹಾಸಿ ಅದರ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯುವ ಕ್ರಮ ಇಲ್ಲಿಯದು. ಓದಲಿಕ್ಕೆ ಮಾತ್ರವಾದ ಪದರದ ಮೇಲೆ ಬರೆಯಬಹುದಾದ ಇನ್ನೊಂದು ಪದರ. ಮೇಲಿನಿಂದ ನೋಡುವ ನಮಗೆ ಎರಡೂ ಬೆರೆತು ಒಂದೇ ಆಗಿ ಕಾಣುತ್ತವೆ. ಕೆಳಪದರದ ಫೈಲನ್ನು ಅಳಿಸಿದರೆ ಅದು ನಿಜವಾಗಿ ಅಳಿಯುವುದಿಲ್ಲ, ‘ಇದನ್ನು ತೋರಿಸಬೇಡ’ ಎಂಬ ಗುರುತೊಂದು ಮೇಲಿನ ಪದರದಲ್ಲಿ ಬೀಳುತ್ತದೆ. ಮೊದಲ ಸಲ ಬಂದ್ ಮಾಡುವಾಗ ಪಪ್ಪಿ ಕೇಳುತ್ತದೆ, ಮೇಲಿನ ಪದರವನ್ನು ಉಳಿಸಲೇ ಎಂದು. ಉಳಿಸಿದರೆ ಮುಂದಿನ ಸಲ ಅದನ್ನು ಮತ್ತೆ ಹಾಸುತ್ತದೆ. ಏನೋ ಎಡವಟ್ಟಾದರೆ ಆ ಪದರವನ್ನು ಬಿಟ್ಟು ಶುರು ಮಾಡಬಹುದು, ಕೆಳಗಿನದು ಹೊಚ್ಚ ಹೊಸದಾಗಿಯೇ ಇರುತ್ತದೆ. ಎಚ್ಚರ ವಹಿಸಬೇಕಾದದ್ದು ಕರೆಂಟಿನ ವಿಷಯದಲ್ಲಿ: ಪೆನ್‌ಡ್ರೈವ್‌ನಿಂದ ಓಡುವಾಗ ಮೇಲಿನ ಪದರ ರ್‍ಯಾಮ್‌ನಲ್ಲೇ ಇರುತ್ತದೆ. ಹಳೇ ಲ್ಯಾಪ್‌ಟಾಪುಗಳ ಬ್ಯಾಟರಿ ಸತ್ತಿರುವುದೇ ಹೆಚ್ಚು, ಕರೆಂಟ್ ಹೋದರೆ ಉಳಿಸದ ಬದಲಾವಣೆಗಳೂ ಹೋದವು.

ಈಗ ಅಳವಡಿಸುವ ಕೆಲಸ. ಜಾಲದಿಂದ ಇಳಿಸಿಕೊಂಡ, ಇಡೀ ಪಪ್ಪಿಯ ಪಡಿಯಚ್ಚಾದ ಐಎಸ್‌ಒ ಫೈಲನ್ನು ಪೆನ್‌ಡ್ರೈವಿಗೆ ಮಾಮೂಲಿಯಾಗಿ ಕಾಪಿ ಮಾಡಿದರೆ ಯಂತ್ರ ಅದನ್ನು ಮೂಸಿಯೂ ನೋಡುವುದಿಲ್ಲ. ಕಾರಣ ಕಂಪ್ಯೂಟರ್ ಕಣ್ಣು ಬಿಡುವ ಕ್ರಮದಲ್ಲಿದೆ. ಗುಂಡಿ ಒತ್ತಿದ ಕೂಡಲೇ ಏಳುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಸಣ್ಣ ತಂತ್ರಾಂಶ, ಬಯಾಸ್. ಅದಕ್ಕೆ ಫೈಲು, ಫೋಲ್ಡರು ಒಂದೂ ಗೊತ್ತಿಲ್ಲ. ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳನ್ನು ಓದುವುದಷ್ಟೇ ಗೊತ್ತು. ಅದರಲ್ಲಿ 446 ಬೈಟ್ ಪುಟ್ಟ ಪ್ರೋಗ್ರಾಮಿಗೆ, 64 ಬೈಟ್ ನಾಲ್ಕು ಪಾರ್ಟಿಶನ್‌ಗಳ ಪಟ್ಟಿಗೆ, ಕೊನೆಯ ಎರಡು ಬೈಟ್ ‘ಇಲ್ಲಿಂದ ಶುರುಮಾಡಬಹುದು’ ಎಂಬ ಮೊಹರಿಗೆ. ಮೊಹರು ಕಂಡರೆ ಬಯಾಸ್ ಆ ಪುಟ್ಟ ಪ್ರೋಗ್ರಾಮಿನ ಕೈಗೆ ಯಂತ್ರವನ್ನು ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ. 446 ಬೈಟ್‌ನಲ್ಲಿ ಈ ಲೇಖನದ ಎರಡು ವಾಕ್ಯ ಹಿಡಿಸುವುದೂ ಕಷ್ಟ. ಅಷ್ಟರಲ್ಲಿ ಅದು ಮುಂದಿನ ಬೂಟ್‌ಲೋಡರನ್ನು ಹುಡುಕಿ, ಅದು ಕರ್ನೆಲನ್ನು ಹುಡುಕಿ, ಕರ್ನೆಲ್ ಉಳಿದದ್ದನ್ನೆಲ್ಲ ಎಬ್ಬಿಸಬೇಕು. ಪೆನ್‌ಡ್ರೈವಿನ ಆ ಮೊದಲ 512 ಬೈಟ್‌ಗಳ ಜಾಗದಲ್ಲೂ ಸರಿಯಾದ ಬೈಟ್‌ಗಳು ಕೂರಬೇಕೆಂದೇ ರೂಫಸ್, ಎಚರ್‌ನಂಥ ತಂತ್ರಾಂಶಗಳ ಮೂಲಕ ಐಎಸ್‌ಒ ಬರೆಯುವುದು. ಪೆನ್‌ಡ್ರೈವಿನಲ್ಲಿದ್ದ ಹಳೆಯದೆಲ್ಲ ಆಗ ಅಳಿಸಿಹೋಗುತ್ತದೆ, ಮದುವೆ ಫೋಟೋ ಇದ್ದರೆ ಮೊದಲೇ ಬೇರೆಡೆ ಇಟ್ಟುಕೊಳ್ಳಿ.

ಬಯಾಸ್‌ನ ಜಾಗಕ್ಕೆ ಬಂದ ಯುಇಎಫ್‌ಐ ಸ್ವಲ್ಪ ಓದಿಕೊಂಡದ್ದು. ಅದು ಫ್ಯಾಟ್32 ಪಾರ್ಟಿಶನ್ ಒಳಗೆ ಹೊಕ್ಕು, ನಿಗದಿತ ಫೋಲ್ಡರಿನಲ್ಲಿರುವ ಬೂಟ್ ಫೈಲನ್ನು ಹೆಸರು ಹಿಡಿದು ತೆಗೆಯಬಲ್ಲದು. 2012ರ ವಿಂಡೋಸ್ 8ರ ಜೊತೆ ಬಂದ ಸೆಕ್ಯೂರ್ ಬೂಟ್ ಇದ್ದರೆ ಆ ಫೈಲಿಗೆ ಡಿಜಿಟಲ್ ಸಹಿ ಇದೆಯೇ ಎಂದೂ ತಪಾಸಣೆ ಮಾಡುತ್ತದೆ. ಸಣ್ಣ ಬಳಗ ಕಟ್ಟಿದ ಪಪ್ಪಿ ಇಲ್ಲಿ ತಡವರಿಸುವುದುಂಟು. ಸೆಟಪ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿದರೆ ದಾರಿ ಬಿಡುತ್ತದೆ. ಸೆಟಪ್‌ಗೆ ಹೋಗುವ ಕೀಲಿ ಎಫ್2 ಇರಬಹುದು, ಎಫ್10, ಎಸ್ಕೇಪ್, ಡಿಲೀಟ್ ಯಾವುದೂ ಇರಬಹುದು. ತಯಾರಕರು ಈ ಒಂದು ವಿಷಯದಲ್ಲಾದರೂ ಒಮ್ಮತಕ್ಕೆ ಬರಬಹುದಿತ್ತು.

ಪೆನ್‌ಡ್ರೈವಿನಿಂದ ಪಪ್ಪಿ ಚೆನ್ನಾಗಿ ಓಡಿತು, ಇನ್ನು ಡಿಸ್ಕಿನಲ್ಲೇ ನೆಲೆಗೊಳಿಸೋಣ ಎನಿಸಿದರೆ ‘ಫ್ರೂಗಲ್’ ಎಂಬ ವಿಧಾನವಿದೆ. ಇದರಲ್ಲಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕಿಲ್ಲ. ಕರ್ನೆಲ್ ಒಂದು ಫೈಲು, ಆರಂಭಿಕ ಸಾಮಗ್ರಿ ಒಂದು, ಆ ಕುಗ್ಗಿಸಿದ ವ್ಯವಸ್ಥೆ ಒಂದು, ಡ್ರೈವರುಗಳ ಕಟ್ಟು ಒಂದು. ಇವಿಷ್ಟು ಒಂದು ಫೋಲ್ಡರಿನಲ್ಲಿ ಕೂತರೆ ಆಯಿತು. ಪಕ್ಕದಲ್ಲೇ ವಿಂಡೋಸ್ ಇದ್ದರೂ ಇರಲಿ, ಆನ್ ಮಾಡಿದಾಗ ಯಾವುದು ಬೇಕೆಂದು ಬೂಟ್‌ಲೋಡರ್ ಕೇಳುತ್ತದೆ. ವಿಂಡೋಸ್ 8 ಮತ್ತು ನಂತರದವುಗಳಲ್ಲಿ ಮಾತ್ರ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯವನ್ನು ಮೊದಲು ಆಫ್ ಮಾಡಬೇಕು. ಅದು ಆನ್ ಇದ್ದಾಗ ಶಟ್‌ಡೌನ್ ಅಂದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ; ಅರೆನಿದ್ದೆಯಲ್ಲಿರುವ ಅದರ ಪಾರ್ಟಿಶನ್ನಿಗೆ ಇನ್ನೊಬ್ಬರು ಬರೆದರೆ ಫೈಲುಗಳು ಕೆಡುವ ಅಪಾಯವಿದೆ. ವಿಂಡೋಸ್ ಇನ್ನು ಬೇಡವೇ ಬೇಡ ಎನ್ನುವವರೂ ಬೇಕಾದ ಫೈಲುಗಳನ್ನು ಬೇರೆಡೆ ತೆಗೆದಿಟ್ಟುಕೊಳ್ಳದೆ ಪಾರ್ಟಿಶನ್ ತಂಟೆಗೆ ಹೋಗಬಾರದು.

ಪಪ್ಪಿಯನ್ನೇ ಹೊಸ ಕಂಪ್ಯೂಟರಿನೊಳಗೆ ಒಂದು ಹುಸಿ ಕಂಪ್ಯೂಟರ್ ಸೃಷ್ಟಿಸಿ ಅದರಲ್ಲಿ ಓಡಿಸಿ ನೋಡುವವರಿದ್ದಾರೆ. ಅಲ್ಲಿ ಎಲ್ಲವೂ ಸುಸೂತ್ರ, ಏಕೆಂದರೆ ಹುಸಿ ಯಂತ್ರದ ಹುಸಿ ಭಾಗಗಳು ಎಲ್ಲ ಕಡೆಯೂ ಒಂದೇ ತೆರನಾದವು. ನಿಜವಾದ ಯಂತ್ರಕ್ಕೆ ಅದರದೇ ಹಠಗಳಿವೆ. ಮೊದಲ ಹಠ ಸಾಮಾನ್ಯವಾಗಿ ವೈಫೈಯದು. ಅನೇಕ ವೈಫೈ ಚಿಪ್ಪುಗಳು ಆನ್ ಆದಾಗ ಖಾಲಿ ತಲೆಯವು. ಕಂಪನಿ ಕೊಟ್ಟ ಫರ್ಮ್‌ವೇರನ್ನು ಕಾರ್ಯಾಚರಣ ವ್ಯವಸ್ಥೆಯೇ ಅವುಗಳಿಗೆ ತುಂಬಬೇಕು. ಆ ಫರ್ಮ್‌ವೇರಿನ ಮೂಲ ಸಂಕೇತ ಮುಕ್ತವಲ್ಲ ಎಂಬ ತತ್ವದ ಮೇಲೆ ಡೆಬಿಯನ್ ಬಹುಕಾಲ ಅದನ್ನು ತನ್ನ ಅಧಿಕೃತ ಡಿಸ್ಕಿನಿಂದ ಹೊರಗಿಟ್ಟಿತ್ತು. 2022ರಲ್ಲಿ ಸದಸ್ಯರ ಮತಕ್ಕೆ ಹಾಕಿ, 2023ರ ಡೆಬಿಯನ್ 12ರಲ್ಲಿ ಒಳಗೆ ಬಿಟ್ಟುಕೊಂಡಿತು. ತತ್ವ ಒಳ್ಳೆಯದೇ, ಆದರೆ ವೈಫೈ ಇಲ್ಲದ ಲ್ಯಾಪ್‌ಟಾಪ್ ಹಿಡಿದು ತತ್ವ ಜಪಿಸುವುದು ಕಷ್ಟ. ಪಪ್ಪಿ ಮೊದಲಿಂದಲೂ ಇಂಥ ವಿಷಯದಲ್ಲಿ ವ್ಯವಹಾರಸ್ಥ.

ಇನ್ನೊಂದು ತಕರಾರು ತಮಾಷೆಯದು. ವೈಫೈ ಸಿಕ್ಕಿತು, ಬ್ರೌಸರ್ ತೆರೆಯಿತು, ಆದರೆ ಯಾವ ತಾಣಕ್ಕೆ ಹೋದರೂ ‘ಇದು ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ಮೂಲೆಯ ಗಡಿಯಾರ ನೋಡಿದರೆ ಅದರಲ್ಲಿ 2009! ಮದರ್‌ಬೋರ್ಡಿನ ಗಡಿಯಾರಕ್ಕೆ ಸದಾ ಜೀವ ಕೊಡುವ ನಾಣ್ಯದಷ್ಟು ದೊಡ್ಡ ಮೂರು ವೋಲ್ಟಿನ ಬಿಲ್ಲೆ ಬ್ಯಾಟರಿ ವರ್ಷಗಳಲ್ಲಿ ಬತ್ತಿಹೋಗಿರುತ್ತದೆ. ಜಾಲತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ, 2009ರಲ್ಲಿರುವ ಬ್ರೌಸರಿಗೆ ಇಂದಿನ ಪತ್ರಗಳೆಲ್ಲ ಇನ್ನೂ ಹುಟ್ಟದವು. ತಾರೀಕು ಸರಿಪಡಿಸಿದರೆ ಜಗತ್ತು ತೆರೆದುಕೊಳ್ಳುತ್ತದೆ. ಬಿಲ್ಲೆ ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಬೆಂಗಳೂರಿನ ಎಸ್‌ಪಿ ರಸ್ತೆಯವರೆಗೆ ಹೋಗದೆಯೂ, ಕೈಗಡಿಯಾರದ ಅಂಗಡಿಯಲ್ಲೇ ಸಿಕ್ಕೀತು.

ಕನ್ನಡ ಓದಲು ಹೋದರೆ ಅಕ್ಷರಗಳ ಬದಲು ಖಾಲಿ ಚೌಕಗಳ ಸಾಲು ಕಾಣಬಹುದು. ಗಾತ್ರ ಇಳಿಸುವ ಭರದಲ್ಲಿ ಫಾಂಟುಗಳನ್ನು ಕೈಬಿಟ್ಟಿರುತ್ತಾರೆ. ಲೋಹಿತ್, ನವಿಲು, ಗುಬ್ಬಿ, ನೋಟೊ ಇವೆಲ್ಲ ಮುಕ್ತ ಪರವಾನಗಿಯ ಕನ್ನಡ ಫಾಂಟುಗಳು. ಒಂದನ್ನು ಫಾಂಟ್ ಫೋಲ್ಡರಿಗೆ ಹಾಕಿದರೂ ಸಾಕು. ಒತ್ತಕ್ಷರ ಕೂಡಿಸುವ ಕೆಲಸವನ್ನು ಹಾರ್ಫ್‌ಬಜ್ ಎಂಬ ತಂತ್ರಾಂಶ ಮಾಡುತ್ತದೆ, ಅದು ಬಹುತೇಕ ಎಲ್ಲ ಲಿನಕ್ಸ್‌ಗಳಲ್ಲೂ ಇದೆ. ಟೈಪಿಸಲು ಇನ್‌ಸ್ಕ್ರಿಪ್ಟ್ ಕೀಲಿಮಣೆ ಸಾಕೆನ್ನುವವರಿಗೆ ಪ್ರತ್ಯೇಕ ತಂತ್ರಾಂಶವೇ ಬೇಡ. ಕೀಲಿಮಣೆ ಆಯ್ಕೆಯಲ್ಲಿ ಕನ್ನಡ ಇರುತ್ತದೆ. ನುಡಿ ತಂತ್ರಾಂಶದ ಕೀಲಿ ವಿನ್ಯಾಸಕ್ಕೆ ಬೆರಳು ಒಗ್ಗಿದವರು ಐಬಸ್ ಮತ್ತು ಎಂ17ಎನ್ ಎಂಬ ತಂತ್ರಾಂಶಗಳನ್ನು ಹಾಕಿಕೊಂಡರೆ ಅದರಲ್ಲಿ ಕನ್ನಡ ಗಣಕ ಪರಿಷತ್ತಿನ ವಿನ್ಯಾಸ ಕೆಜಿಪಿ ಎಂಬ ಹೆಸರಿನಲ್ಲಿ ಸಿಗುತ್ತದೆ.

ಪಪ್ಪಿಯ ಬಗ್ಗೆ ಗಂಭೀರ ಆಕ್ಷೇಪವೂ ಇದೆ. ಬಳಕೆದಾರ ಅದರಲ್ಲಿ ಸಾಮಾನ್ಯವಾಗಿ ‘ರೂಟ್’, ಅಂದರೆ ಎಲ್ಲ ಅಧಿಕಾರವುಳ್ಳ ಯಜಮಾನ. ಬೇರೆ ಲಿನಕ್ಸ್‌ಗಳು ಇದನ್ನು ಕಂಡರೆ ಹೌಹಾರುತ್ತವೆ. ಪ್ರತಿಸಲವೂ ಕೆಳಪದರ ಶುಚಿಯಾಗಿ ಬರುತ್ತದಲ್ಲ ಎಂಬುದು ಪಪ್ಪಿಯವರ ಸಮರ್ಥನೆ. ಅದು ಅರ್ಧ ಸರಿ ಅಷ್ಟೆ. ಒಳಹೊಕ್ಕ ಕುತಂತ್ರಾಂಶ ಪಕ್ಕದ ಪಾರ್ಟಿಶನ್ನಿನಲ್ಲಿರುವ ನಿಮ್ಮ ಫೈಲುಗಳನ್ನೂ ಮುಟ್ಟಬಲ್ಲದು. ಬ್ಯಾಂಕ್ ವ್ಯವಹಾರಕ್ಕೆ ನಾನಾದರೆ ಇದನ್ನು ಬಳಸುವುದಿಲ್ಲ. ಇನ್ನು ಬ್ರೌಸರ್. ವ್ಯವಸ್ಥೆ ಎಷ್ಟೇ ಹಗುರವಾಗಿದ್ದರೂ ಫೈರ್‌ಫಾಕ್ಸ್ ಅಥವಾ ಕ್ರೋಮ್ ತಮ್ಮ ತೂಕ ಇಳಿಸಿಕೊಳ್ಳುವುದಿಲ್ಲ. ಒಂದು ಜಿಬಿ ರ್‍ಯಾಮ್‌ನಲ್ಲಿ ನಾಲ್ಕಾರು ಟ್ಯಾಬ್ ತೆರೆದರೆ ಡೆನ್ನಿಂಗ್ ಹೇಳಿದ ರೋಗ ಮರುಕಳಿಸುತ್ತದೆ. ಎರಡು ಜಿಬಿ ಇದ್ದರೆ ಓದು, ಬರಹ, ಹಾಡು, ಮಕ್ಕಳ ಪ್ರೋಗ್ರಾಮಿಂಗ್ ಅಭ್ಯಾಸಕ್ಕೆ ತೊಂದರೆಯಿಲ್ಲ. ನಾಲ್ಕು ಜಿಬಿಗೆ ಏರಿಸಲು ಸಾಧ್ಯವಿದ್ದು, ತಿರುಗುವ ತಟ್ಟೆಯ ಬದಲು ಒಂದು ಸಾಟಾ ಎಸ್‌ಎಸ್‌ಡಿ ಹಾಕುವಷ್ಟು ಕಾಸೂ ಇದ್ದರೆ, ಆ 15 ಮಿಲಿಸೆಕೆಂಡಿನ ಕಾಯುವಿಕೆ ಒಂದು ಮಿಲಿಸೆಕೆಂಡಿಗೂ ಕಡಿಮೆಯಾಗುತ್ತದೆ. ಆಗ ಪಪ್ಪಿಯೇ ಬೇಕೆಂದಿಲ್ಲ, ಲುಬುಂಟು ಹಾಕಿದರೂ ನಡೆಯುತ್ತದೆ.