ಘರ್ಷಣೆಯಿಂದ ಬೆಂಕಿ: ಬಲಕ್ಕಿಂತ ಒಣಮರವೇ ಮುಖ್ಯ

ಹಿರೀಸಾವೆ: ಚನ್ನರಾಯಪಟ್ಟಣ ತಾಲ್ಲೂಕಿನ ಈ ಹೋಬಳಿ ಕೇಂದ್ರದ ಮೂಲಕ ಹಾದು ಹೋಗುವ ಬೆಂಗಳೂರು-ಮಂಗಳೂರು ರಾಷ್ಟ್ರೀಯ ಹೆದ್ದಾರಿಯ ಯಾವ ಅಂಗಡಿಯಲ್ಲಿಯಾದರೂ ಬೆಂಕಿಪೊಟ್ಟಣ ದೊರೆಯುತ್ತದೆ. ಹಾಗಾಗಿ ಮರಕ್ಕೆ ಮರ ಉಜ್ಜಿ ಬೆಂಕಿ ಪಡೆಯುವ ವಿದ್ಯೆ ಇಂದು ಬಹುತೇಕರಿಗೆ ಕಥೆಯಲ್ಲಿ ಕೇಳಿದ ಮಾತಾಗಿಯೇ ಉಳಿದಿದೆ. ಆದರೆ ಆ ವಿದ್ಯೆಗೆ ಬೇಕಾದ ಸಾಮಗ್ರಿ ಊರಿನ ಅರಳಿಕಟ್ಟೆ ಹಾಗೂ ತೆಂಗಿನ ತೋಟಗಳಲ್ಲಿಯೇ ಇದೆ.

ಈ ವಿಧಾನವನ್ನು ಶಾಸ್ತ್ರೋಕ್ತವಾಗಿ ಉಳಿಸಿಕೊಂಡು ಬಂದಿರುವುದು ಅರಣಿ ಮಥನ. ಶ್ರೌತ ಯಾಗಗಳಲ್ಲಿ ಕಡ್ಡಿ ಗೀರಿ ಹೊತ್ತಿಸಿದ ಬೆಂಕಿಗೆ ಸ್ಥಾನವಿಲ್ಲ. ಬನ್ನಿ ಮರದ ಮೇಲೆ ಬೆಳೆದ ಅರಳಿಯ ಕೊಂಬೆ ಅರಣಿಗೆ ಅತ್ಯಂತ ಶ್ರೇಷ್ಠ ಎಂಬುದು ಸಂಪ್ರದಾಯ. ಮಹಾಭಾರತದ ಯಕ್ಷಪ್ರಶ್ನೆಯ ಪ್ರಸಂಗ ಆರಂಭವಾಗುವುದೂ ಬ್ರಾಹ್ಮಣನೊಬ್ಬನ ಅರಣಿಯನ್ನು ಜಿಂಕೆ ಹೊತ್ತೊಯ್ಯುವುದರಿಂದ. 1975ರಲ್ಲಿ ಕೇರಳದ ಪಾಂಜಾಳ್ ಗ್ರಾಮದಲ್ಲಿ ನಡೆದ ಅತಿರಾತ್ರದಲ್ಲಿಯೂ ಅಗ್ನಿಯನ್ನು ಹೀಗೆಯೇ ಕಡೆದು ಪಡೆಯಲಾಗಿತ್ತು.

ಅರಣಿಯ ರಚನೆ ಸರಳ. ಕೆಳಗೆ ಕುಳಿಯುಳ್ಳ ಹಲಗೆ, ಅದು ಅಧರಾರಣಿ. ಅದರ ಮೇಲೆ ತಿರುಗುವ ಕಡೆಗೋಲಿನ ತುದಿಗೆ ಉತ್ತರಾರಣಿಯ ತುಂಡನ್ನು ಜೋಡಿಸಲಾಗುತ್ತದೆ. ಒಬ್ಬರು ಮೇಲಿನಿಂದ ಒತ್ತಿ ಹಿಡಿದರೆ, ಮತ್ತೊಬ್ಬರು ಸುತ್ತಿದ ಹಗ್ಗವನ್ನು ಮಜ್ಜಿಗೆ ಕಡೆಯುವಂತೆ ಎಳೆಯುತ್ತಾರೆ. ಹಗ್ಗವಿಲ್ಲದೆ ಎರಡು ಅಂಗೈಗಳ ನಡುವೆ ಕಡ್ಡಿಯನ್ನು ತಿರುಗಿಸುವ ಪದ್ಧತಿಯೂ ಜಗತ್ತಿನ ಹಲವೆಡೆ ಇದೆ. ಅದು ಅಂಗೈಯಲ್ಲಿ ಬೊಬ್ಬೆ ಏಳಿಸುವ ಕೆಲಸ.

ಬೆಂಕಿ ಹುಟ್ಟುವುದು ಮರದಲ್ಲಲ್ಲ, ಮರದ ಹುಡಿಯಲ್ಲಿ ಎಂಬುದನ್ನು ಹೊಸಬರು ಗಮನಿಸುವುದಿಲ್ಲ. ಉಜ್ಜಿದಂತೆ ಸವೆದ ಹುಡಿ ಮೊದಲು ಕಂದು, ನಂತರ ಕಪ್ಪು ಬಣ್ಣಕ್ಕೆ ತಿರುಗಿ ಹೊಗೆಯಾಡುತ್ತದೆ. ಕುಳಿಯ ಅಂಚಿನ ಕಚ್ಚಿನಲ್ಲಿ ಅದು ಒಂದೆಡೆ ಗುಡ್ಡೆಯಾಗಬೇಕು. ಶಾಖ ಸುಮಾರು 400 ಡಿಗ್ರಿ ಸೆಲ್ಸಿಯಸ್ ಆಸುಪಾಸು ತಲುಪಿದಾಗ ಹುಡಿ ಸಣ್ಣ ಕೆಂಡವಾಗುತ್ತದೆ. ಉಜ್ಜುವುದು ನಿಲ್ಲಿಸಿದ ಮೇಲೂ ಗುಡ್ಡೆ ತಾನಾಗಿ ಹೊಗೆಯಾಡುತ್ತಿದ್ದರೆ ಕೆಂಡ ಹುಟ್ಟಿದೆ ಎಂದು ತಿಳಿಯಬಹುದು. ಅದನ್ನು ಬಿಡಿಸಿದ ತೆಂಗಿನ ನಾರು ಇಲ್ಲವೇ ಹತ್ತಿಯ ಗೂಡಿಗೆ ಜಾರಿಸಿ ಮೆಲ್ಲಗೆ ಊದಿದರೆ ಜ್ವಾಲೆ ಏಳುತ್ತದೆ. ಜೋರಾಗಿ ಊದಿದರೆ ಕೆಂಡವೇ ಚದುರಿ ಹೋಗುತ್ತದೆ.

ತೋಳ್ಬಲ ಎಷ್ಟಿದ್ದರೂ ಹಸಿ ಮರದಿಂದ ಬೆಂಕಿ ಬರದು. ಹುಟ್ಟಿದ ಶಾಖವೆಲ್ಲ ನೀರಿನಂಶವನ್ನು ಆವಿ ಮಾಡುವುದರಲ್ಲಿಯೇ ಕಳೆದುಹೋಗುತ್ತದೆ. ಅತಿ ಗಟ್ಟಿ ಮರವಾದರೆ ಹುಡಿ ಉದುರದೆ ಮೈ ನುಣುಪಾಗಿ ಹೊಳೆಯತೊಡಗುತ್ತದೆ. ಉಗುರಿನಿಂದ ಒತ್ತಿದರೆ ಗುರುತು ಬೀಳುವಷ್ಟು ಮೃದುವಾದ ಒಣ ಮರವೇ ಸೂಕ್ತ. ಮಳೆಗಾಲದಲ್ಲಿ ಗಾಳಿಯ ತೇವವನ್ನು ಮರ ಹೀರಿಕೊಳ್ಳುವುದರಿಂದ ಬಲ್ಲವರಿಗೂ ಇದು ಕಷ್ಟವೇ ಸರಿ. 1827ರಲ್ಲಿ ಇಂಗ್ಲೆಂಡಿನ ಜಾನ್ ವಾಕರ್ ಮಾರಾಟಕ್ಕಿಟ್ಟ ಬೆಂಕಿಕಡ್ಡಿಯೂ ಘರ್ಷಣೆಯಿಂದಲೇ ಹೊತ್ತಿಕೊಳ್ಳುತ್ತದೆ. ಅದರ ತುದಿಯ ರಾಸಾಯನಿಕಗಳಿಗೆ ಅಷ್ಟೊಂದು ಶಾಖ ಬೇಕಿಲ್ಲ, ಅಷ್ಟೆ.

ಬೇಸಿಗೆಯಲ್ಲಿ ಬಿದಿರಿಗೆ ಬಿದಿರು ತಿಕ್ಕಿ ಕಾಡಿಗೆ ಬೆಂಕಿ ಬೀಳುತ್ತದೆ ಎಂಬ ಮಾತು ಗ್ರಾಮಾಂತರ ಪ್ರದೇಶದಲ್ಲಿ ಇಂದಿಗೂ ಪ್ರಚಲಿತವಾಗಿದೆ. ಆದರೆ ಗಾಳಿಗೆ ತೂಗುವ ಬಿದಿರಿನಲ್ಲಿ ಹುಡಿ ಗುಡ್ಡೆಯಾಗುವುದಿಲ್ಲ, ಶಾಖವೂ ಒಂದೆಡೆ ನಿಲ್ಲುವುದಿಲ್ಲ. ಕಾಡ್ಗಿಚ್ಚಿಗೆ ಬಹುಪಾಲು ಮನುಷ್ಯರೇ ಕಾರಣ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 4,000 ಹೆಕ್ಟೇರ್‌ಗೂ ಅಧಿಕ ಅರಣ್ಯ ಸುಟ್ಟು ಹೋದದ್ದನ್ನು ಇಲ್ಲಿ ಸ್ಮರಿಸಬಹುದು. ಬಿದಿರಿನ ಮೇಲೆ ಹೊರಿಸಿದ ಈ ಅಪವಾದ ಎಷ್ಟೋ ಬೀಡಿ ತುಂಡುಗಳನ್ನು ಮುಚ್ಚಿಹಾಕಿರಲೂ ಸಾಕು.

ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಕರ್ನಾಟಕ ಅರಣ್ಯ ಕಾಯ್ದೆ 1963ರ ಅನ್ವಯ ಅಪರಾಧ. ಆಸಕ್ತರು ಈ ಪ್ರಯೋಗವನ್ನು ಹುಲ್ಲು ಕೆರೆದ ಬಯಲು ನೆಲದಲ್ಲಿ, ಬಿಂದಿಗೆ ನೀರು ಪಕ್ಕದಲ್ಲಿಟ್ಟುಕೊಂಡು ಮಾಡುವುದು ಕ್ಷೇಮಕರ. ವಿಶೇಷವಾಗಿ ತೆಂಗಿನ ನಾರಿನ ವಿಷಯದಲ್ಲಿ ಎಚ್ಚರ ಅಗತ್ಯ. ಮೇಲೆ ಬೂದಿ ಮುಚ್ಚಿ ಆರಿದಂತೆ ಕಂಡರೂ ಒಳಗೆ ಗಂಟೆಗಟ್ಟಲೆ ಕೆಂಡ ಉಳಿದಿರುತ್ತದೆ. ನೀರು ಸುರಿದು, ಕಡ್ಡಿಯಿಂದ ಕೆದಕಿ, ಮತ್ತೊಮ್ಮೆ ನೀರು ಹಾಕಿದ ನಂತರವೇ ಸ್ಥಳ ಬಿಡಬೇಕು.