ತವರಿನ ಹೆಸರು, ತವರಿನ ಪಾಲು

2024ರಲ್ಲಿ ಆಂಧ್ರದ ಹಿಂದೂಪುರ ಲೋಕಸಭಾ ಕ್ಷೇತ್ರದಲ್ಲಿ ಸೋತ ಜೆ. ಶಾಂತಾ 2009ರಲ್ಲಿ ಬಳ್ಳಾರಿಯಿಂದ ಗೆದ್ದಿದ್ದವರು, ಕರ್ನಾಟಕದ ರಾಜಕಾರಣಿ ಬಿ. ಶ್ರೀರಾಮುಲು ಅವರ ಸಹೋದರಿ. 2005ರಲ್ಲಿ ಪತಿ ಪರಿಟಾಲ ರವಿ ಹತ್ಯೆಯಾದ ಬಳಿಕ ಪೆನುಕೊಂಡದಿಂದ ಗೆದ್ದ ಪರಿಟಾಲ ಸುನೀತಾ ಮುಂದೆ ಮಂತ್ರಿಯಾದರು. ಅಣ್ಣನ, ಗಂಡನ ನೆರಳಲ್ಲಿ ಬಂದವರು ಎಂಬ ಆಕ್ಷೇಪ ಇಂಥವರ ಬೆನ್ನು ಬಿಡದು. ಅದರಲ್ಲಿ ಹುರುಳಿದೆ. ಆದರೆ ಹಿಂದೂಪುರದ ಶಾಸಕ ಬಾಲಕೃಷ್ಣ ಅವರೂ ಮಾಜಿ ಮುಖ್ಯಮಂತ್ರಿ ಎನ್‌ಟಿಆರ್ ಮಗನೇ. ಗಂಡಸಿಗೆ ವಾರಸಿಕೆ ಎನಿಸುವುದು ಹೆಣ್ಣಿಗೆ ಕುಂದಾಗಬಾರದು. ಇಲ್ಲಿ ಇನ್ನೂ ಮಹಿಳೆಯರು ಗೆದ್ದಿದ್ದಾರೆ: ಕಲ್ಯಾಣದುರ್ಗದಿಂದ 2019ರಲ್ಲಿ ಗೆದ್ದ ಉಷಾಶ್ರೀ ಚರಣ್ 2022ರಲ್ಲಿ ಸಚಿವೆಯಾದರು. 2024ರಲ್ಲಿ ಪೆನುಕೊಂಡದಲ್ಲಿ ಅವರನ್ನು ಸೋಲಿಸಿದ್ದೂ ಎಸ್. ಸವಿತಾ ಎಂಬ ಮಹಿಳೆಯೇ.

ಆದರೂ ಕುರ್ಚಿಗಿಂತ ಮನೆಯೊಳಗಿನ ಹಕ್ಕೇ ನನಗೆ ದೊಡ್ಡದಾಗಿ ಕಾಣುತ್ತದೆ. ಎನ್‌ಟಿಆರ್ ಹಿಂದೂಪುರದ ಶಾಸಕರೂ ಮುಖ್ಯಮಂತ್ರಿಯೂ ಆಗಿದ್ದಾಗ ಬಂದ, ಹಿಂದೂ ಉತ್ತರಾಧಿಕಾರ ಕಾಯ್ದೆಯ 1986ರ ಆಂಧ್ರ ತಿದ್ದುಪಡಿ ಹಿಂದೂ ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಕರ್ನಾಟಕದಲ್ಲಿ ಅಂಥದ್ದು ಬಂದಿದ್ದು 1994ರಲ್ಲಿ. ಆದರೆ 1985ರ ಸೆಪ್ಟೆಂಬರ್ 5ಕ್ಕೆ ಮೊದಲೇ ಮದುವೆಯಾದವರನ್ನು ಆಂಧ್ರದ ಕಾಯ್ದೆ ಹೊರಗಿಟ್ಟಿತು: ಆಗಸ್ಟ್‌ನಲ್ಲಿ ತಾಳಿ ಕಟ್ಟಿಸಿಕೊಂಡ ಅಕ್ಕನಿಗೆ ಏನೂ ಇಲ್ಲ, ಅಕ್ಟೋಬರಿನಲ್ಲಿ ಹಸೆಮಣೆ ಏರಿದ ತಂಗಿಗೆ ಹೊಲದಲ್ಲಿ ಪಾಲು. ಮದುವೆಯನ್ನೇ ಹಕ್ಕಿನ ಗಡುವಾಗಿಸಿದ ಈ ಅನ್ಯಾಯ 2005ರ ಕೇಂದ್ರ ತಿದ್ದುಪಡಿಯಿಂದ ಹೋಯಿತು. ಪಾಲು ಕೇಳಿದರೆ ತವರು ದೂರವಾಗುತ್ತದೆ ಎನ್ನುವವರಿದ್ದಾರೆ. ಆ ಭಯಕ್ಕೇ ಎಷ್ಟೋ ಹೆಣ್ಣುಮಕ್ಕಳು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ಸಂಬಂಧ ಉಳಿಸುವ ಹೊಣೆ ಅಣ್ಣತಮ್ಮಂದಿರದ್ದೂ ಹೌದು. ತವರಿನ ಹೆಸರಿನಿಂದ ಗೆದ್ದು ಬಂದ ನಾಯಕಿಯರು ಆ ಸಹಿಯ ಬಗ್ಗೆ ವೇದಿಕೆಯಲ್ಲಿ ಮಾತಾಡಬೇಕು.