ಒಂದು ‘ಎಸ್’ ಅಕ್ಷರದ ಭಾರ

ಮೊನ್ನೆ ಹಳಗನ್ನಡದ ಪಾಠ ಮುಗಿಸಿ ಹೊರಬರುವಾಗ ವಿದ್ಯಾರ್ಥಿನಿಯೊಬ್ಬಳು ಇಂಗ್ಲಿಷ್ ಉತ್ತರಪತ್ರಿಕೆಯನ್ನು ಹಿಡಿದು ಕಣ್ಣೀರು ತುಂಬಿ ನಿಂತಿದ್ದಳು. ತಂದೆಯನ್ನು ಕುರಿತು ಬರೆದ ಹತ್ತು ವಾಕ್ಯಗಳಿಗೂ ಕೆಂಪು ಗೆರೆ: ‘ಮೈ ಫಾದರ್ ಗೋ’, ‘ಮೈ ಫಾದರ್ ವರ್ಕ್’. ತರಗತಿಯೆಲ್ಲ ನಕ್ಕಿತಂತೆ. “ಓದು ಸಾಕು ಸಾರ್, ಊರಿಗೆ ಹೋಗಿಬಿಡುತ್ತೇನೆ” ಎಂದಳು.

“ ‘ಹಿ ಗೋಸ್’ ಎನ್ನಬೇಕೆಂದು ಗೊತ್ತಿಲ್ಲವೇನಮ್ಮ?”

“ಗೊತ್ತು ಸಾರ್. ಹಾಗೆಂದರೆ ‘ಹೋಗುತ್ತಾನೆ’. ‘ಹೋಗುತ್ತಾರೆ’ ಎನ್ನುವುದಕ್ಕೆ ‘ಗೋ’. ಅಪ್ಪನನ್ನು ‘ಹೋಗುತ್ತಾನೆ’ ಎಂದು ಹೇಗೆ ಬರೆಯಲಿ?”

20 ವರ್ಷಗಳಿಂದ ಆಖ್ಯಾತ ಪ್ರತ್ಯಯಗಳನ್ನು ಪಾಠ ಹೇಳುತ್ತಿರುವ ನಾನು ನಿರುತ್ತರನಾದೆ. ಅವಳು ಎಡವಿದ್ದು ವ್ಯಾಕರಣವನ್ನು ಅರಿಯದೆ ಅಲ್ಲ. ತನ್ನ ಭಾಷೆಯ ಮರ್ಯಾದೆಯನ್ನು ಬಿಡಲಾರದೆ.

ನಮ್ಮ ‘ಹೋಗು’ ಧಾತುವಿಗೆ ವರ್ತಮಾನದಲ್ಲಿ ಹೋಗುತ್ತೇನೆ, ಹೋಗುತ್ತೇವೆ ಎಂದು ಮೊದಲುಗೊಂಡು ಹೋಗುತ್ತವೆ ಎಂಬವರೆಗೆ 9 ರೂಪಗಳು. ಹಳಗನ್ನಡದ ‘ದಪ’ ಮರೆಯಾಗಿ ‘ಉತ್ತ’ ಬಂದರೂ ಪುರುಷ, ವಚನ, ಲಿಂಗಗಳನ್ನು ಸಾರುವ ಪ್ರತ್ಯಯಗಳು ಕ್ರಿಯಾಪದವನ್ನು ಬಿಟ್ಟುಹೋಗಲಿಲ್ಲ. ಇಂಗ್ಲಿಷಿನ ಸಾಮಾನ್ಯ ಕ್ರಿಯಾಪದಕ್ಕಾದರೋ ಇಂದು ಉಳಿದಿರುವುದು ಎರಡೇ ರೂಪ. ಸಾವಿರ ವರ್ಷಗಳ ಹಿಂದೆ ಅಲ್ಲಿಯೂ ನಾನು, ನೀನು, ಅವನು ಎಂಬುದಕ್ಕೆ ಬೇರೆಬೇರೆ ಪ್ರತ್ಯಯಗಳಿದ್ದುವು. 1611ರ ಬೈಬಲ್ ಅನುವಾದದಲ್ಲಿ ‘ಅವನು’ ಎಂಬುದರೊಡನೆ ಬರುವುದು ‘ಎತ್’ ಪ್ರತ್ಯಯ. ಉತ್ತರ ಇಂಗ್ಲೆಂಡಿನ ಆಡುನುಡಿಯಿಂದ ಇಳಿದುಬಂದ ‘ಎಸ್’ ಕ್ರಮೇಣ ಅದರ ಸ್ಥಾನವನ್ನು ಆಕ್ರಮಿಸಿತು. ಉಳಿದವೆಲ್ಲ ಸವೆದುಹೋಗಿ, ನಾವು ಪ್ರಥಮ ಪುರುಷವೆನ್ನುವ, ಅವರು ಮೂರನೆಯದೆಂದು ಎಣಿಸುವ ಪುರುಷದ ಏಕವಚನದಲ್ಲಿ ಮಾತ್ರ ಈ ಒಂಟಿ ಅಕ್ಷರ ನಿಂತಿದೆ.

“ನೋಡಮ್ಮ, ಆ ಭಾಷೆಯಲ್ಲಿ ದೊರೆಗೂ ಅದೇ ‘ಎಸ್’, ಆಳಿಗೂ ಅದೇ ‘ಎಸ್’. ಅದು ಎಣಿಕೆಯ ಗುರುತು, ತಾತ್ಸಾರದ್ದಲ್ಲ. ಅದನ್ನು ಬರೆದರೆ ನಿಮ್ಮ ತಂದೆಯವರ ಗೌರವಕ್ಕೆ ಕುಂದಿಲ್ಲ” ಎಂದೆ. ಅವಳ ಮುಖ ತಿಳಿಯಾಯಿತು.

ಮರುದಿನ ಹತ್ತು ವಾಕ್ಯಗಳನ್ನೂ ತಿದ್ದಿ ತಂದಳು. ಒಂದರಲ್ಲಿ ಮಾತ್ರ ‘ಡಸ್ ನಾಟ್ ಗೋಸ್’ ಎಂದಿತ್ತು. “ಇರುವುದು ಒಂದೇ ‘ಎಸ್’. ಅದನ್ನು ‘ಡು’ ಹೊತ್ತ ಮೇಲೆ ‘ಗೋ’ ಬರಿಗೈಯಲ್ಲಿ ಹೋಗಬೇಕು” ಎಂದೆ.

ನಕ್ಕಳು. ಊರಿಗೆ ಹೋಗುವ ಮಾತನ್ನು ಮತ್ತೆ ಎತ್ತಲಿಲ್ಲ. ಕೆಂಪು ಗೆರೆ ಎಳೆಯುವ ಮುನ್ನ ‘ಹೀಗೇಕೆ ಬರೆದೆ?’ ಎಂದು ಕೇಳಬೇಕೆಂಬ ಪಾಠ ಅಂದು ನನಗಾಯಿತು.